ಮಹಾಯುದ್ಧದ ಕುರುಹು ನಮ್ಮ ಕಲಬುರಗಿ, ಬೀದರ, ಯಾದಗಿರಿಯಲ್ಲಿ ಏನಾದರೂ ಉಳಿದಿದೆಯೇ?

ಸೇಡಂ ರಸ್ತೆ
2025ರ ಜೂನ್‌ನಲ್ಲಿ ಜರ್ಮನಿಯ ಕಲೋನ್ ನಗರದಲ್ಲಿ ಎರಡನೆಯ ಮಹಾಯುದ್ಧ ಕಾಲದ ಮೂರು ಸಿಡಿಯದ ಬಾಂಬುಗಳು ಸಿಕ್ಕವು. ಸುಮಾರು 20,000 ಜನರನ್ನು ಮನೆಯಿಂದ ಎಬ್ಬಿಸಿ ಬೇರೆಡೆ ಕಳುಹಿಸಿದರು. ನನ್ನ ಭಾಮೈದ ಅಲ್ಲಿಯೇ ಕೆಲಸದಲ್ಲಿದ್ದಾನೆ. ಫೋನಿನಲ್ಲಿ ಎಲ್ಲವನ್ನೂ ವರ್ಣಿಸಿ, "ಭಾವ, ನೀವು ಪುಣ್ಯವಂತರು, ಯುದ್ಧ ನಿಮ್ಮ ಕಡೆ ಸುಳಿಯಲೇ ಇಲ್ಲ" ಎಂದ. ನನ್ನ ಅಭಿಪ್ರಾಯವೂ ಅದೇ. ನಮಗೆ ಯುದ್ಧ ಎಂದರೆ ನಿಜಾಮರ ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ 1948ರ ಪೊಲೀಸ್ ಕಾರ್ಯಾಚರಣೆ, ರಜಾಕಾರರ ಹಾವಳಿ. ಮಹಾಯುದ್ಧ ಶಾಲೆಯ ಪಾಠವಷ್ಟೇ. ಆದರೆ ಮನೆಯಲ್ಲಿ ಯಾರೂ ನನ್ನ ಮಾತು ಒಪ್ಪುತ್ತಿಲ್ಲ, ಹಾಗಾಗಿ ಇಲ್ಲಿ ಕೇಳುತ್ತಿದ್ದೇನೆ. ಒಂದೇ ಷರತ್ತು: ಹಿಟ್ಲರ್, ಹಿರೋಶಿಮಾ, ಪೆನಿಸಿಲಿನ್, ಕಂಪ್ಯೂಟರ್ ಬೇಡ. ನಮ್ಮ ಮೂರು ಜಿಲ್ಲೆಗಳಲ್ಲಿ ಇವತ್ತಿಗೂ ಕಣ್ಣಿಗೆ ಕಾಣುವಂಥದ್ದು ಇದ್ದರೆ ಹೇಳಿ.

ಶಹಾಬಾದ್ ಪರ್ಸಿ
ನಮ್ಮ ಓಣಿಯ ರಸ್ತೆಯ ಫೋಟೊ ಕಳುಹಿಸಲೇ? ಯುದ್ಧ ಇಲ್ಲಿಯೇ ನಡೆದಿತ್ತು ಎಂದು ನಿಮ್ಮ ಭಾಮೈದ ನಂಬುತ್ತಾನೆ.

ದಾಲ್ ಮಿಲ್ ಮುನೀಮ
ಸೇಡಂ ರಸ್ತೆಯವರೇ, ಒಮ್ಮೆ ನಮ್ಮ ಗಂಜಿನ ಕಡೆ ಬನ್ನಿ, ತೋರಿಸುತ್ತೇನೆ. 2023ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ತೊಗರಿ ಮತ್ತು ಉದ್ದಿನ ದಾಸ್ತಾನಿಗೆ ಮಿತಿ ಹಾಕಿತು. ಸಗಟು ವ್ಯಾಪಾರಿಗೆ 200 ಟನ್, ಚಿಲ್ಲರೆ ಅಂಗಡಿಗೆ 5 ಟನ್. ಮಿಲ್ಲಿನವರಿಗೆ ಹಿಂದಿನ ಮೂರು ತಿಂಗಳ ಉತ್ಪಾದನೆ ಅಥವಾ ವಾರ್ಷಿಕ ಸಾಮರ್ಥ್ಯದ ಶೇ 25, ಯಾವುದು ಹೆಚ್ಚೋ ಅದು. ಮರುವರ್ಷ ಜೂನ್‌ನಲ್ಲಿ ಮತ್ತೆ ಬಂತು, ಆಗ ತೊಗರಿಯ ಜೊತೆಗೆ ಕಡಲೆ. ಪೋರ್ಟಲ್‌ನಲ್ಲಿ ದಾಸ್ತಾನು ನಮೂದಿಸುವುದು ನನ್ನ ಕೆಲಸ. ಒಂದು ಚೀಲ ಹೆಚ್ಚುಕಡಿಮೆಯಾದರೂ ನೋಟಿಸ್ ಬರುತ್ತದೋ ಏನೋ ಎಂಬ ಭಯದಲ್ಲಿ ರಾತ್ರಿ ಲೆಕ್ಕ ಹೊಂದಿಸುತ್ತಾ ಕೂರುತ್ತೇನೆ.

ಈ ಮಿತಿ ಹಾಕುವ ಅಧಿಕಾರ ಎಲ್ಲಿಂದ ಬಂತು? 1955ರ ಅಗತ್ಯ ವಸ್ತುಗಳ ಕಾಯ್ದೆಯಿಂದ. ಅದರ ಮೂಲ ಹುಡುಕಿದರೆ ನೇರವಾಗಿ ಎರಡನೆಯ ಮಹಾಯುದ್ಧಕ್ಕೇ ಹೋಗಿ ನಿಲ್ಲುತ್ತೀರಿ. ಜರ್ಮನಿಯವರಿಗೆ ನೆಲದಡಿಯಲ್ಲಿ ಬಾಂಬು ಸಿಗುತ್ತದೆ. ನಮಗೆ ಕಡತದಲ್ಲಿ ಸಿಗುತ್ತದೆ.

ಕರಿ ಕೋಟು
ಮುನೀಮರು ಹೇಳಿದ್ದು ಸರಿ, ನಡುವಿನ ಕೊಂಡಿಗಳನ್ನು ನಾನು ಸೇರಿಸುತ್ತೇನೆ. 1939ರಲ್ಲಿ ಯುದ್ಧ ಶುರುವಾದ ಕೂಡಲೇ ಬ್ರಿಟಿಷ್ ಸರ್ಕಾರ ಭಾರತ ರಕ್ಷಣಾ ಕಾಯ್ದೆ ತಂದಿತು. ಅದರಡಿ ಬಂದ ನಿಯಮಗಳಲ್ಲಿ 81ನೆಯದು ಸರಕುಗಳ ಬೆಲೆ, ಸಾಗಣೆ, ದಾಸ್ತಾನು ಎಲ್ಲವನ್ನೂ ಹಿಡಿತದಲ್ಲಿ ಇಟ್ಟುಕೊಳ್ಳುವ ಅಧಿಕಾರ ಕೊಟ್ಟಿತು. ಯುದ್ಧ ಮುಗಿಯಿತು, ಕಾಯ್ದೆಯ ಅವಧಿಯೂ ಮುಗಿಯುತ್ತಾ ಬಂತು. ಆದರೆ ಅಧಿಕಾರ ಕೈಗೆ ಬಂದ ಮೇಲೆ ಬಿಟ್ಟುಕೊಡುವವರು ಯಾರು? 1946ರಲ್ಲಿ ಅಗತ್ಯ ಪೂರೈಕೆಗಳ ತಾತ್ಕಾಲಿಕ ಅಧಿಕಾರ ಕಾಯ್ದೆ ಎಂದು ತಂದರು. ಆ ತಾತ್ಕಾಲಿಕ 1955ರಲ್ಲಿ ಕಾಯಂ ಆಯಿತು. ಸರ್ಕಾರಿ ಕಚೇರಿಯಲ್ಲಿ ತಾತ್ಕಾಲಿಕ ನೌಕರ ಕಾಯಂ ಆಗುವುದು ಕಷ್ಟ, ಕಾಯ್ದೆಗೆ ಆ ತೊಂದರೆ ಇಲ್ಲ.

ಸೇಡಂ ರಸ್ತೆ
ಇದು ದೆಹಲಿಯ ಕಾನೂನು. ಯುದ್ಧ ಆಗದಿದ್ದರೂ ಯಾರಾದರೂ ತರುತ್ತಿದ್ದರು. ಅದಲ್ಲದೆ ಆಗ ನಾವು ನಿಜಾಮರ ಸಂಸ್ಥಾನದಲ್ಲಿದ್ದೆವು, ಬ್ರಿಟಿಷ್ ಇಂಡಿಯಾದ ಕಾಯ್ದೆ ನಮಗೆ ನೇರವಾಗಿ ಅನ್ವಯಿಸುತ್ತಲೇ ಇರಲಿಲ್ಲ. ಕರಿ ಕೋಟಿನವರಿಗೆ ಇದು ಗೊತ್ತಿರಬೇಕಲ್ಲವೇ?

ಚಿತ್ತಾಪುರದ ಸೊಸೆ
ನಿಜಾಮರ ಸಂಸ್ಥಾನದಲ್ಲಿ ಲೆವಿ ಇತ್ತಲ್ಲ ಅಣ್ಣಾ, ಅದನ್ನು ಮರೆತಿರಾ? ಯುದ್ಧದ ಕಾಲದಲ್ಲಿ ಸಂಸ್ಥಾನದ ಸರ್ಕಾರ ರೈತರಿಂದ ಕಡ್ಡಾಯವಾಗಿ ಧಾನ್ಯ ವಸೂಲಿ ಮಾಡುತ್ತಿತ್ತು. ತೆಲಂಗಾಣದಲ್ಲಿ ರೈತರು ದಂಗೆ ಏಳುವುದಕ್ಕೆ ಇದೂ ಒಂದು ಕಾರಣ.

ನಮ್ಮ ಅತ್ತೆಯವರ ಅತ್ತೆ ಹೇಳುತ್ತಿದ್ದ ಕಥೆ ಇದು. ಮನೆಯ ಮುಂದಿನ ಹಗೇವಿನಲ್ಲಿ, ಅಂದರೆ ನೆಲದಡಿಯ ಕಣಜದಲ್ಲಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಹಾಕಿ ಸಗಣಿ ಸಾರಿಸಿ, ಅದರ ಮೇಲೆ ಎತ್ತು ಕಟ್ಟುತ್ತಿದ್ದರಂತೆ. ವಸೂಲಿಗೆ ಬಂದವರ ಜೊತೆ ಊರಿನ ಮಾಲಿಪಾಟೀಲನೂ ಕುಲಕರ್ಣಿಯೂ ಇರುತ್ತಿದ್ದರು. ಯಾರ ಮನೆಯಲ್ಲಿ ಹಗೇವು ಎಲ್ಲಿದೆ ಎಂದು ಅವರಿಬ್ಬರಿಗೂ ಗೊತ್ತು. ಕೆಲವರ ಹಗೇವು ಕಾಣುತ್ತಿತ್ತು, ಕೆಲವರದು ಕಾಣುತ್ತಿರಲಿಲ್ಲ! ಕಾಣಿಸಿದವರ ಮನೆಗೂ ಕಾಣಿಸಿಕೊಟ್ಟವರ ಮನೆಗೂ ಇಂದಿಗೂ ಮಾತಿಲ್ಲ. ನಮ್ಮ ಊರಿನ ಗ್ರಾಮ ಪಂಚಾಯಿತಿ ಚುನಾವಣೆ ಈ ಎರಡು ಮನೆತನಗಳ ನಡುವೆಯೇ ನಡೆಯುವುದು. ಕಣ್ಣಿಗೆ ಕಾಣುವಂಥದ್ದು ಕೇಳಿದಿರಲ್ಲ, ಬಂದು ನೋಡಿ.

ಜೋಳದ ರೊಟ್ಟಿ
ಅಕ್ಕ ಗೆದ್ದರು, ಚರ್ಚೆ ಮುಗಿಯಿತು.

ಬಹಮನಿ ಗುಮ್ಮಟ
ಮುಗಿದಿಲ್ಲ, ಕೂರಿ. ನಾನು ಹೆಮ್ಮೆಯ ವಿಷಯವೊಂದನ್ನು ಹೇಳುತ್ತೇನೆ. ಬ್ರಿಟಿಷ್ ವಾಯುಪಡೆಯಲ್ಲಿ 152ನೇ ಸ್ಕ್ವಾಡ್ರನ್ನಿಗೆ 'ಹೈದರಾಬಾದ್' ಎಂಬ ಹೆಸರಿತ್ತು. 1940ರಲ್ಲಿ ಇಂಗ್ಲೆಂಡಿನ ಆಕಾಶದಲ್ಲಿ ಜರ್ಮನ್ ವಿಮಾನಗಳ ವಿರುದ್ಧ ಸ್ಪಿಟ್‌ಫೈರ್ ಹಾರಿಸಿದ ದಳ ಅದು. ಅದರ ಲಾಂಛನದಲ್ಲಿ ನಿಜಾಮರ ಶಿರಸ್ತ್ರಾಣವಿದೆ. ಮುಂದೆ ಬರ್ಮಾ ಯುದ್ಧಕ್ಕೂ ಬಂತು. 253ನೆಯದಕ್ಕೆ 'ಹೈದರಾಬಾದ್ ಸಂಸ್ಥಾನ' ಎಂದೇ ಹೆಸರು, ಅವರದು ಹರಿಕೇನ್ ವಿಮಾನ. ಮೊದಲನೆಯ ಮಹಾಯುದ್ಧದಲ್ಲಿ 110ನೇ ಸ್ಕ್ವಾಡ್ರನ್ನಿಗೆ ವಿಮಾನ ಕೊಡಿಸಿದವರೂ ನಿಜಾಮರೇ. ಇನ್ನು ಆಸ್ಟ್ರೇಲಿಯಾ ನೌಕಾಪಡೆಯಲ್ಲಿ 'ನಿಜಾಮ್' ಎಂಬ ಯುದ್ಧನೌಕೆಯೇ ಇತ್ತು. 1945ರಲ್ಲಿ ಜಪಾನ್ ಶರಣಾದಾಗ ಟೋಕಿಯೊ ಕೊಲ್ಲಿಯಲ್ಲಿ ನಿಂತಿದ್ದ ಹಡಗುಗಳಲ್ಲಿ ಅದೂ ಒಂದು. ನಮ್ಮ ಸಂಸ್ಥಾನದ ಹೆಸರು ಅಲ್ಲಿಯವರೆಗೂ ಹೋಗಿತ್ತು.

ದಾಲ್ ಮಿಲ್ ಮುನೀಮ
ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಆ ಸ್ಪಿಟ್‌ಫೈರಿನ ಒಂದು ರೆಕ್ಕೆ ಆಳಂದದ ಕಂದಾಯ, ಇನ್ನೊಂದು ರೆಕ್ಕೆ ಹುಮನಾಬಾದಿನ ಕಂದಾಯ.

ಬಹಮನಿ ಗುಮ್ಮಟ
ನಿಜಾಮರಿಗೆ ಸರ್ಫ್-ಎ-ಖಾಸ್ ಎಂಬ ಸ್ವಂತ ಆಸ್ತಿಯೇ ಬೇಕಾದಷ್ಟಿತ್ತು. 1937ರಲ್ಲಿ ಟೈಮ್ ಪತ್ರಿಕೆ ಅವರನ್ನು ಜಗತ್ತಿನ ಅತಿ ಶ್ರೀಮಂತ ಎಂದು ಮುಖಪುಟದಲ್ಲಿ ಹಾಕಿತ್ತು. ಅಂಥವರಿಗೆ ಆಳಂದದ ರೈತನ ದುಡ್ಡು ಬೇಕಿತ್ತೇ?

ಚಿತ್ತಾಪುರದ ಸೊಸೆ
ಸ್ವಂತ ಆಸ್ತಿ ಎಂದರೆ ಆಕಾಶದಿಂದ ಉದುರಿತ್ತೇ? ಅದೂ ಜಮೀನೇ, ಅದನ್ನೂ ಉತ್ತವರು ನಮ್ಮಂಥವರೇ. ಹಗೇವಿನಲ್ಲಿ ಜೋಳ ಬಚ್ಚಿಟ್ಟವರಿಗೆ ಇಂಗ್ಲೆಂಡಿನ ಆಕಾಶದ ಹೆಮ್ಮೆ ಯಾಕೆ ಬೇಕು?

ಬಹಮನಿ ಗುಮ್ಮಟ
ಹೆಮ್ಮೆ ಬೇಡವಾದರೆ ಬೇಡ, ಇತಿಹಾಸ ತಿಳಿದಿರಲಿ. ಹೈದರಾಬಾದ್ ರೆಜಿಮೆಂಟಿನ ನಮ್ಮ ಹುಡುಗರು ಮಲಯಾದಲ್ಲಿ ಪ್ರಾಣ ಕೊಟ್ಟಿದ್ದಾರೆ.

ನಿವೃತ್ತ ಸುಬೇದಾರ, ಭಾಲ್ಕಿ
ಇದನ್ನು ತಿದ್ದಲೇಬೇಕು. 19ನೇ ಹೈದರಾಬಾದ್ ರೆಜಿಮೆಂಟ್ ಬೇರೆ, ನಿಜಾಮರ ಸೈನ್ಯ ಬೇರೆ. ಹೆಸರು ಹೈದರಾಬಾದಿನದಾದರೂ ಆ ರೆಜಿಮೆಂಟಿಗೆ ಹೆಚ್ಚಾಗಿ ಸೇರುತ್ತಿದ್ದವರು ಕುಮಾವೂನಿಗಳು, ಜಾಟರು, ಅಹೀರರು. ಅದಕ್ಕಾಗಿಯೇ 1945ರಲ್ಲಿ ಕುಮಾವೂನ್ ರೆಜಿಮೆಂಟ್ ಎಂದು ಹೆಸರು ಬದಲಾಯಿತು, ಇಂದಿಗೂ ಅದೇ ಹೆಸರಿನಲ್ಲಿದೆ. ನಿಜಾಮರ ಸಂಸ್ಥಾನದ ಪಡೆಗಳು ಬೇರೆ ಲೆಕ್ಕ. ಅದರಲ್ಲಿ 1ನೇ ಹೈದರಾಬಾದ್ ಇನ್‌ಫೆಂಟ್ರಿ ಮಲಯಾಕ್ಕೆ ಹೋಗಿ, 1941ರ ಡಿಸೆಂಬರ್‌ನಲ್ಲಿ ಕೋಟಾ ಬಾರುವಿನ ವಿಮಾನ ನೆಲೆ ಕಾಯುತ್ತಿತ್ತು. ಜಪಾನೀಯರು ಅಲ್ಲಿ ದಡಕ್ಕಿಳಿದದ್ದು ಪರ್ಲ್ ಹಾರ್ಬರ್ ದಾಳಿಗಿಂತಲೂ ಸ್ವಲ್ಪ ಮೊದಲು. ಅಂದರೆ ಪೂರ್ವದ ಯುದ್ಧ ಶುರುವಾದ ಜಾಗದಲ್ಲಿಯೇ ಈ ಪಡೆ ಇತ್ತು.

ದೆಹಲಿಯ ತೀನ್ ಮೂರ್ತಿ ಸ್ಮಾರಕವನ್ನು ನೋಡಿದವರು ಇಲ್ಲಿ ಎಷ್ಟು ಜನ ಇದ್ದೀರಿ? ಆ ಮೂರು ಪ್ರತಿಮೆಗಳು ಮೈಸೂರು, ಜೋಧಪುರ, ಹೈದರಾಬಾದ್ ಅಶ್ವದಳಗಳದ್ದು. ಅದು ಮೊದಲನೆಯ ಮಹಾಯುದ್ಧ. ಮೈಸೂರಿನವರು ಆ ಯುದ್ಧದ ಹೈಫಾ ಕದನವನ್ನು ಪ್ರತಿವರ್ಷ ನೆನಪಿಸಿಕೊಳ್ಳುತ್ತಾರೆ, ನಮ್ಮವರಿಗೆ ಆ ಮೂರನೆಯ ಪ್ರತಿಮೆ ಯಾರದೆಂದೂ ಗೊತ್ತಿಲ್ಲ.

ಬರೀದ್ ಶಾಹಿ
ಬೀದರದವರು ಮಾತಾಡಬಹುದೇ? ನಮ್ಮ ತಲೆಯ ಮೇಲೆ ದಿನವೂ ವಾಯುಪಡೆಯ ಹಾಕ್ ತರಬೇತಿ ವಿಮಾನ ಗರ್ಜಿಸುತ್ತದೆ. ವಿಮಾನ ಕಸರತ್ತು ತೋರಿಸುವ ಸೂರ್ಯಕಿರಣ ತಂಡ 1996ರಲ್ಲಿ ಹುಟ್ಟಿದ್ದೂ ನಮ್ಮಲ್ಲಿಯೇ. ಸೇಡಂ ರಸ್ತೆಯವರು ಮಹಾಯುದ್ಧ ಬೇರೆ, 1948 ಬೇರೆ ಎಂದರಲ್ಲ, ಅವೆರಡಕ್ಕೂ ಗಂಟು ಬಿದ್ದಿದೆ. 1948ರಲ್ಲಿ ಕರಾಚಿಯಿಂದ ನಿಜಾಮರ ಸಂಸ್ಥಾನಕ್ಕೆ ವಿಮಾನದಲ್ಲಿ ಶಸ್ತ್ರಾಸ್ತ್ರ ಸಾಗಿಸಿದವನು ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದವನು. ಮಹಾಯುದ್ಧದಲ್ಲಿ ಬ್ರಿಟಿಷರಿಗಾಗಿ ಆಕಾಶದಿಂದ ಶತ್ರು ನೆಲೆಗಳ ಫೋಟೊ ತೆಗೆಯುವ ಕೆಲಸ ಕಟ್ಟಿದವನೇ ಇವನು. ಬಳಸಿದ ವಿಮಾನ ಲ್ಯಾಂಕಾಸ್ಟ್ರಿಯನ್, ಅಂದರೆ ಜರ್ಮನಿಯ ಮೇಲೆ ಬಾಂಬು ಸುರಿದ ಲ್ಯಾಂಕಾಸ್ಟರ್‌ನ ನಾಗರಿಕ ರೂಪ. ಸೆಪ್ಟೆಂಬರ್‌ನಲ್ಲಿ ಬೀದರ, ವಾರಂಗಲ್ ನೆಲೆಗಳ ಮೇಲೆ ಭಾರತದ ವಾಯುಪಡೆ ದಾಳಿ ಮಾಡಿದ್ದು ಟೆಂಪೆಸ್ಟ್ ವಿಮಾನಗಳಿಂದ, ಅವೂ ಮಹಾಯುದ್ಧದವೇ. ಸೊಲ್ಲಾಪುರ, ನಳದುರ್ಗ, ಹುಮನಾಬಾದ್ ದಾರಿಯಲ್ಲಿ ಬಂದ ಟ್ಯಾಂಕುಗಳೂ ಅಷ್ಟೇ. ಸೈನ್ಯ ನಡೆಸಿದ ಜನರಲ್ ಚೌಧುರಿ ಉತ್ತರ ಆಫ್ರಿಕಾದ ರಣರಂಗ ಕಂಡು ಬಂದವರು. ಪ್ರತಿ ಸೆಪ್ಟೆಂಬರ್ 17ರಂದು ಧ್ವಜ ಹಾರಿಸುತ್ತೇವಲ್ಲ, ಆ ದಿನವನ್ನು ತಂದುಕೊಟ್ಟ ಯಂತ್ರಗಳೆಲ್ಲ ಮಹಾಯುದ್ಧದ ಉಳಿಕೆ.

ಕಾಟನ್‌ಗೆ ಕೊನೆಗೆ ಆದ ಶಿಕ್ಷೆ ಎಷ್ಟು ಗೊತ್ತೇ? ಇಂಗ್ಲೆಂಡಿನ ನ್ಯಾಯಾಲಯದಲ್ಲಿ 200 ಪೌಂಡ್ ದಂಡ!

ಶಹಾಬಾದ್ ಪರ್ಸಿ
ವಿಮಾನ ಎಂದಾಗ ನೆನಪಾಯಿತು, ಬೀದರದಿಂದ ಬೆಂಗಳೂರಿಗೆ ಈಗ ವಾರಕ್ಕೆ ಎಷ್ಟು ದಿನ ಹಾರುತ್ತಿದೆ?

ಬರೀದ್ ಶಾಹಿ
ಅದನ್ನು ಕೇಳಬೇಡಿ, ಬಿಪಿ ಏರುತ್ತದೆ.

ಚಿಲ್ಲರೆ ಸಂಗ್ರಾಹಕ
ಮದುವೆಗೆ ಮುಯ್ಯಿ ಮಾಡುವಾಗ 500ರ ಜೊತೆ ಒಂದು ರೂಪಾಯಿ ಸೇರಿಸುತ್ತೇವಲ್ಲ, ಆ ಒಂದು ರೂಪಾಯಿಯ ನೋಟು ಹುಟ್ಟಿದ್ದು ಮೊದಲನೆಯ ಮಹಾಯುದ್ಧದಿಂದ. ಆಗ ರೂಪಾಯಿ ಎಂದರೆ ಬೆಳ್ಳಿಯ ನಾಣ್ಯ. ಯುದ್ಧದಲ್ಲಿ ಬೆಳ್ಳಿ ದುಬಾರಿಯಾಗಿ, 1917ರ ನವೆಂಬರ್ 30ರಂದು ಕಾಗದದ ರೂಪಾಯಿ ಬಂತು. 1926ರಲ್ಲಿ ನಿಲ್ಲಿಸಿದರು. ಮತ್ತೆ ಯುದ್ಧ ಬಂದಾಗ, 1940ರಲ್ಲಿ, ಅದೂ ಮರಳಿ ಬಂತು. ಇಂದಿಗೂ ಆ ನೋಟಿನ ಮೇಲೆ ರಿಸರ್ವ್ ಬ್ಯಾಂಕ್ ಗವರ್ನರ್ ಸಹಿ ಇರುವುದಿಲ್ಲ, ಹಣಕಾಸು ಕಾರ್ಯದರ್ಶಿಯ ಸಹಿ ಇರುತ್ತದೆ. ಮನೆಯಲ್ಲಿದ್ದರೆ ತೆಗೆದು ನೋಡಿ.

ನಿಜಾಮರ ಸಂಸ್ಥಾನಕ್ಕೆ ಹಾಲಿ ಸಿಕ್ಕಾ ಎಂಬ ತನ್ನದೇ ನಾಣ್ಯ ಇತ್ತು ಎಂದು ಸೇಡಂ ರಸ್ತೆಯವರು ತಕರಾರು ತೆಗೆಯುವ ಮೊದಲೇ ಹೇಳುತ್ತೇನೆ: ಹೈದರಾಬಾದ್ ಕೂಡ 1918ರಲ್ಲಿ ಕಾಗದದ ನೋಟಿಗೆ ಇಳಿದದ್ದು ಅದೇ ಬೆಳ್ಳಿಯ ಬರದಿಂದ. ಇನ್ನು ತೂತಿನ ಕಾಸು. 1943ರ ತೂತಿರುವ ಪೈಸೆಯನ್ನು ಹಳೆಯ ಪೆಟ್ಟಿಗೆಯಲ್ಲಿ ಎಷ್ಟೋ ಜನ ನೋಡಿರುತ್ತೀರಿ. ತಾಮ್ರ ಉಳಿಸಲು ನಡುವೆ ತೂತು ಕೊರೆದರು. 2016ರ ನೋಟು ರದ್ದತಿಗೂ ಅಣ್ಣನೊಬ್ಬ ಇದ್ದ: 1946ರ ಜನವರಿಯಲ್ಲಿ 500, 1,000, 10,000ದ ನೋಟುಗಳನ್ನು ರದ್ದು ಮಾಡಿದ್ದು ಯುದ್ಧಕಾಲದ ಕಾಳಸಂತೆಯಲ್ಲಿ ದುಡ್ಡು ಮಾಡಿದವರನ್ನು ಹಿಡಿಯಲು.

ಜೋಳದ ರೊಟ್ಟಿ
ಹಿಡಿದರೇ?

ಚಿಲ್ಲರೆ ಸಂಗ್ರಾಹಕ
2016ರಲ್ಲಿ ಹಿಡಿದಷ್ಟೇ.

ಕರಿ ಕೋಟು
ರಾಜಕೀಯ ಬೇಡ, ಎಳೆ ಮುಚ್ಚಿಸುತ್ತಾರೆ.

ನಿವೃತ್ತ ಮೇಷ್ಟ್ರು, ಸುರಪುರ
ಎಲ್ಲರೂ ಎರಡನೆಯದನ್ನೇ ಹಿಡಿದುಕೊಂಡಿದ್ದೀರಿ. ಮೊದಲನೆಯದು ನಮ್ಮ ಊರುಗಳನ್ನು ಹೆಚ್ಚು ಕೊಂದಿತು. 1918ರಲ್ಲಿ ಯುದ್ಧದಿಂದ ಮರಳುತ್ತಿದ್ದ ಸೈನಿಕರ ಹಡಗುಗಳ ಜೊತೆ ಬಾಂಬೆ ಬಂದರಿಗೆ ಇನ್‌ಫ್ಲುಯೆಂಜಾ ಬಂತು, ಅಲ್ಲಿಂದ ರೈಲು ಹಿಡಿದು ಒಳನಾಡಿಗೆ ಹರಡಿತು. ಬಾಂಬೆ–ಮದ್ರಾಸ್ ರೈಲು ಹಾದುಹೋಗುವುದು ಕಲಬುರಗಿ, ವಾಡಿ, ಯಾದಗಿರಿಯ ಮೇಲೆಯೇ. ಭಾರತದಲ್ಲಿ ಸತ್ತವರು ಒಂದು ಕೋಟಿಗೂ ಹೆಚ್ಚು ಎಂದು ಅಂದಾಜು. ದೇಶದ ಜನಗಣತಿಯಲ್ಲಿ ಹಿಂದಿನದಕ್ಕಿಂತ ಜನಸಂಖ್ಯೆ ಇಳಿದದ್ದು ಒಂದೇ ಬಾರಿ, 1921ರಲ್ಲಿ. ಕೋವಿಡ್ ಬಂದಾಗ ನಮ್ಮ ಓಣಿಯ ಹಿರಿಯರು ಹಳೆಯ ಕತೆಗಳನ್ನು ತೆಗೆದರು: ಒಂದು ಹೆಣ ಸುಟ್ಟು ಬರುವಷ್ಟರಲ್ಲಿ ಇನ್ನೊಂದು ಕಾದಿರುತ್ತಿತ್ತು, ಕೊನೆಗೆ ಹೊರುವವರೇ ಇಲ್ಲದೆ ಬಂಡಿಯಲ್ಲಿ ಹಾಕಿಕೊಂಡು ಹೋದರು ಎಂದು. ಅವರ ಅಪ್ಪಂದಿರು ಹೇಳಿದ್ದು, ಅವರು ಕಂಡದ್ದಲ್ಲ. ನಮ್ಮ ಮನೆತನದ ವಂಶವೃಕ್ಷದಲ್ಲಿ ಆ ಕಾಲದ ಒಂದು ಕವಲು ಅಲ್ಲಿಗೇ ನಿಂತಿದೆ.

ತೊಗರಿ ಹೊಲ
ಮೇಷ್ಟ್ರೇ ನಮಸ್ಕಾರ. ನನ್ನದೊಂದು: ಯೂರಿಯಾ. ಅದಕ್ಕೆ ಬೇಕಾದ ಅಮೋನಿಯಾವನ್ನು ಗಾಳಿಯ ಸಾರಜನಕದಿಂದ ಮಾಡುವ ವಿಧಾನ ಕಂಡುಹಿಡಿದ ವಿಜ್ಞಾನಿ ಹೇಬರ್, ಮೊದಲನೆಯ ಯುದ್ಧದಲ್ಲಿ ಜರ್ಮನಿಗೆ ಸಿಡಿಮದ್ದಿನ ಕಚ್ಚಾ ವಸ್ತು ಒದಗಿಸಿಕೊಟ್ಟವನು. 1915ರಲ್ಲಿ ಬೆಲ್ಜಿಯಂನ ಈಪ್ರ್ ಬಳಿ ಕ್ಲೋರಿನ್ ವಿಷಾನಿಲ ಬಿಡಿಸಿದವನೂ ಅವನೇ. ಮುಂಗಾರು ಬಂತೆಂದರೆ ನಾವು ಆಧಾರ್ ಕಾರ್ಡ್ ಹಿಡಿದು ಸರದಿ ನಿಲ್ಲುವುದು ಅವನ ಗೊಬ್ಬರಕ್ಕೆ.

ಸೇಡಂ ರಸ್ತೆ
ಇದನ್ನು ಒಪ್ಪುವುದಿಲ್ಲ. ಜರ್ಮನಿಯ ಓಪಾವ್ ಅಮೋನಿಯಾ ಕಾರ್ಖಾನೆ ಶುರುವಾದದ್ದು 1913ರಲ್ಲಿ, ಯುದ್ಧಕ್ಕಿಂತ ಮೊದಲು. ಗೊಬ್ಬರಕ್ಕೆಂದೇ ಕಂಡುಹಿಡಿದದ್ದನ್ನು ಯುದ್ಧ ಬಳಸಿಕೊಂಡಿತು. ಯುದ್ಧಕ್ಕೆ ಯಾಕೆ ಶ್ರೇಯಸ್ಸು ಕೊಡುತ್ತೀರಿ?

ತೊಗರಿ ಹೊಲ
ಶ್ರೇಯಸ್ಸು ಕೊಡುತ್ತಿಲ್ಲ, ಸಂಬಂಧ ಹೇಳುತ್ತಿದ್ದೇನೆ. ಯುದ್ಧ ಇಲ್ಲದಿದ್ದರೆ ಅಷ್ಟು ದೊಡ್ಡ ಕಾರ್ಖಾನೆಗಳಿಗೆ ಅಷ್ಟು ಬೇಗ ಯಾರು ದುಡ್ಡು ಹಾಕುತ್ತಿದ್ದರು? ನಮ್ಮ ದೇಶದ್ದೇ ಉದಾಹರಣೆ ಬೇಕಾದರೆ ಸಿಂದ್ರಿ ಗೊಬ್ಬರ ಕಾರ್ಖಾನೆ. 1943ರ ಬಂಗಾಳದ ಬರಗಾಲದ ಬಳಿಕ ಅದರ ಯೋಚನೆ ಹುಟ್ಟಿತು, 1951ರಲ್ಲಿ ಉತ್ಪಾದನೆ ಶುರುವಾಯಿತು. ಆ ಬರಗಾಲ ಯುದ್ಧದ್ದೇ ಕೂಸು.

ಜೋಳದ ರೊಟ್ಟಿ
ಬರ್ಮಾ ಜಪಾನೀಯರ ಕೈಗೆ ಹೋಗಿ ಅಕ್ಕಿ ಬರುವುದು ನಿಂತಾಗ ಬೆಂಗಳೂರಿನಲ್ಲಿ ರವೆ ಇಡ್ಲಿ ಹುಟ್ಟಿತು ಎಂದು ಎಂಟಿಆರ್‌ನವರು ಹೇಳಿಕೊಳ್ಳುತ್ತಾರೆ. ನಮ್ಮ ಭಾಗದಲ್ಲಿ ಹೊಸ ತಿಂಡಿ ಏನೂ ಹುಟ್ಟಲಿಲ್ಲ. ರೊಟ್ಟಿ ತಿನ್ನುವವರಿಗೆ ಅಕ್ಕಿಯ ಚಿಂತೆ ಯಾಕೆ?

ಚಿತ್ತಾಪುರದ ಸೊಸೆ
ಜೋಳವನ್ನೇ ಲೆವಿಗೆ ಹೊತ್ತುಕೊಂಡು ಹೋದರು ಎಂದು ಮೇಲೆ ಬರೆದಿದ್ದೇನೆ. ಓದಿ ಬರೆಯಿರಿ.

ಯಾದಗಿರಿ ಗುಡ್ಡ
ಜೀಪು! ಯಾರೂ ಹೇಳಲಿಲ್ಲ. ಅಮೆರಿಕದ ಸೈನ್ಯಕ್ಕೆಂದು ಮಾಡಿದ ವಿಲ್ಲಿಸ್ ಜೀಪನ್ನು ಸ್ವಾತಂತ್ರ್ಯದ ಹೊತ್ತಿಗೆ ಮುಂಬೈಯಲ್ಲಿ ಜೋಡಿಸಲು ಶುರು ಮಾಡಿದವರು ಮಹೀಂದ್ರಾದವರು. 1945ರಲ್ಲಿ ಆ ಕಂಪನಿ ಶುರುವಾದಾಗ ಹೆಸರು ಮಹೀಂದ್ರಾ ಅಂಡ್ ಮೊಹಮ್ಮದ್. ಪಾಲುದಾರ ಗುಲಾಮ್ ಮೊಹಮ್ಮದ್ ನಿಜಾಮರ ಸರ್ಕಾರದಲ್ಲಿ ಹಣಕಾಸು ನೋಡಿಕೊಂಡಿದ್ದವರು, ಮುಂದೆ ಪಾಕಿಸ್ತಾನದ ಗವರ್ನರ್ ಜನರಲ್ ಆದರು. ನಾನು ಕಾಲೇಜಿಗೆ ಹೋಗುತ್ತಿದ್ದಾಗ ಶಹಾಪುರದಿಂದ ಯಾದಗಿರಿಗೆ ಜೀಪಿನಲ್ಲಿಯೇ ಬರುತ್ತಿದ್ದೆವು. ಒಳಗೆ ಹೆಂಗಸರು, ಮೇಲೆ ಕುರಿ, ಹಿಂದೆ ಜೋತುಬಿದ್ದು ನಾವು. ಸೈನ್ಯದವರು ಅದರಲ್ಲಿ ನಾಲ್ಕೇ ಜನ ಕೂರುತ್ತಿದ್ದರಂತೆ, ಎಂಥ ಐಷಾರಾಮ!

ಸಂಧ್ಯಾರಾಗ
ಡಿಡಿಟಿ ಸಿಂಪಡಿಸಲು ಬರುತ್ತಿದ್ದವರು ನೆನಪಿದ್ದಾರೆಯೇ? ಮನೆಯ ಗೋಡೆಯ ಮೇಲೆ ತಾರೀಕು ಬರೆದು ಹೋಗುತ್ತಿದ್ದರು. ಯುದ್ಧದಲ್ಲಿ ಸೈನಿಕರ ಹೇನು, ಸೊಳ್ಳೆಗೆಂದು ಬಳಸಿದ ಪುಡಿಯೇ ಅದು. 1953ರಲ್ಲಿ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂದು ನಮ್ಮ ಹಳ್ಳಿಗಳಿಗೂ ತಲುಪಿತು. ನಮ್ಮ ಆಯಿ ಅವರನ್ನು ದೇವರಮನೆಯ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ, ಸೊಳ್ಳೆಗಳೆಲ್ಲ ಅಲ್ಲಿಗೇ ಹೋಗಿ ಸೇರುತ್ತಿದ್ದವು.

ಭೀಮಾ ದಂಡೆ
ತಮಾಷೆ ಸಾಕು. ಇಲ್ಲಿ ಜೀಪು, ನೋಟು, ಗೊಬ್ಬರದ ಪಟ್ಟಿ ನಡೆದಿದೆ. ನಮ್ಮ ಮುತ್ಯಾನ ಅಣ್ಣ ನಿಜಾಮರ ಸೈನ್ಯದಲ್ಲಿದ್ದ, ಸಮುದ್ರ ದಾಟಿ ಯುದ್ಧಕ್ಕೆ ಹೋದ, ಮರಳಲಿಲ್ಲ. ಎಲ್ಲಿ ಸತ್ತ, ಯಾವಾಗ ಸತ್ತ, ಒಂದು ಚೀಟಿಯೂ ಮನೆಗೆ ಬರಲಿಲ್ಲ. ಬಂದಿದ್ದರೂ ಓದುವವರು ಇರಲಿಲ್ಲ. ಜಮೀನಿನ ಪಹಣಿಯ ತಕರಾರಿನಲ್ಲಿ ಇವತ್ತಿಗೂ ಅವನ ಹೆಸರು ಬರುತ್ತದೆ, ಮರಣದ ದಾಖಲೆ ತನ್ನಿ ಎನ್ನುತ್ತಾರೆ. ಸೇಡಂ ರಸ್ತೆಯವರೇ, ನಿಮಗೆ ಕಾಣುವಂಥದ್ದು ಬೇಕಿತ್ತಲ್ಲ, ನಮ್ಮ ಕೋರ್ಟಿನ ಕಡತ ನೋಡಿ. ಸುಬೇದಾರ್ ಸರ್, ಇಂಥದ್ದನ್ನು ಎಲ್ಲಿ ಹುಡುಕಬೇಕು?

ನಿವೃತ್ತ ಸುಬೇದಾರ, ಭಾಲ್ಕಿ
ತಮ್ಮಾ, ಮೊದಲು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣ ನೋಡಿ. ಹುಡುಕಾಟಕ್ಕೆ ದುಡ್ಡಿಲ್ಲ. 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರ ನಡುವೆ ಸೇವೆಯಲ್ಲಿ ಸತ್ತವರ ಹೆಸರು ಅಲ್ಲಿರುತ್ತದೆ. ಭಾರತೀಯ ಸೈನಿಕರಿಗೆ ಎಷ್ಟೋ ಕಡೆ ತಂದೆಯ ಹೆಸರು, ಊರು, ಜಿಲ್ಲೆಯನ್ನೂ ಬರೆದಿರುತ್ತಾರೆ. ಮಲಯಾದಲ್ಲಿ ಹೋದವನಾದರೆ, ಸಮಾಧಿ ಸಿಗದವರ ಹೆಸರು ಸಿಂಗಪುರದ ಕ್ರಾಂಜಿಯ ಸ್ಮಾರಕದಲ್ಲಿದೆ, ಅಲ್ಲಿ 24,000ಕ್ಕೂ ಹೆಚ್ಚು ಹೆಸರುಗಳಿವೆ. ಹೆಸರಿನ ಅಕ್ಷರಗಳನ್ನು ಹಲವು ರೀತಿ ಬದಲಿಸಿ ಹುಡುಕಿ, ಬರೆದುಕೊಂಡ ಗುಮಾಸ್ತನಿಗೆ ನಮ್ಮ ಹೆಸರು ಹೇಗೆ ಕೇಳಿಸಿತೋ ಹಾಗೆ ಬರೆದಿರುತ್ತಾನೆ. ಮೇಲೆ ಹೇಳಿದೆನಲ್ಲ, 19ನೇ ಹೈದರಾಬಾದ್ ರೆಜಿಮೆಂಟಿನ ಪಟ್ಟಿಯಲ್ಲಿ ಹುಡುಕಿ ಸಮಯ ಕಳೆಯಬೇಡಿ. ಸಂಸ್ಥಾನದ ಪಡೆಗಳ ವಿಭಾಗ ನೋಡಿ.

1942ರ ಫೆಬ್ರುವರಿ 15ರಂದು ಸಿಂಗಪುರ ಬಿದ್ದ ಮೇಲೆ ಸೆರೆಯಾದವರಲ್ಲಿ ಕೆಲವರು ಆಜಾದ್ ಹಿಂದ್ ಫೌಜ್ ಸೇರಿದರು. ಆ ದಾರಿಯನ್ನೂ ಮನಸ್ಸಿನಲ್ಲಿಡಿ.

ರೋಜಾ ಬಡಾವಣೆ
ಭೀಮಾ ದಂಡೆ ಭಾಯಿ, ನಿಜಾ‌ಮ್ ಸರ್ಕಾರದ ಕಡತಗಳು ಹೈದರಾಬಾದಿನ ತಾರ್ನಾಕಾದಲ್ಲಿರುವ ತೆಲಂಗಾಣ ರಾಜ್ಯ ಪತ್ರಾಗಾರದಲ್ಲಿವೆ. ಅರ್ಜಿ ಬರೆದುಕೊಂಡು, ಗುರುತಿನ ಚೀಟಿ ಹಿಡಿದು ಹೋಗಿ. ಕಡತಗಳು ಉರ್ದುವಿನಲ್ಲಿರುತ್ತವೆ, ಕೈಬರಹ ಶಿಕಸ್ತಾ ಎಂಬ ಓಡುಬರಹವಾಗಿದ್ದರೆ ಇಂದಿನ ಉರ್ದು ಶಾಲೆಯಲ್ಲಿ ಓದಿದವರಿಗೂ ಓದಲು ಬರುವುದಿಲ್ಲ. ನನ್ನ ಅಬ್ಬಾ ಹಳೆಯ ಜಮೀನು ದಾಖಲೆಗಳನ್ನು ಓದಿ ರೂಢಿಯಿರುವವರು. ಪ್ರತಿ ತೆಗೆಸಿಕೊಂಡು ಬಂದರೆ ಕೂತು ಓದಿಸುತ್ತೇನೆ. ದುಡ್ಡಿನ ಮಾತು ಬೇಡ, ಮಧ್ಯಾಹ್ನದ ನಂತರ ಮಾತ್ರ ಬನ್ನಿ, ಬೆಳಿಗ್ಗೆ ಅವರಿಗೆ ಕಣ್ಣು ಸರಿಯಾಗಿ ಹಿಡಿಯುವುದಿಲ್ಲ.

ಕರಿ ಕೋಟು
ಪತ್ರಾಗಾರದಿಂದ ದೃಢೀಕರಿಸಿದ ಪ್ರತಿಯನ್ನೇ ಕೇಳಿ. ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಬಂದರೆ ಎದುರು ಪಕ್ಷದ ವಕೀಲ ಮೊದಲ ದಿನವೇ ಆಕ್ಷೇಪಣೆ ಹಾಕುತ್ತಾನೆ. ಆಯೋಗದ ಜಾಲತಾಣದಲ್ಲಿ ಹೆಸರು ಸಿಕ್ಕರೆ ಇಲ್ಲಿಯೇ ತಿಳಿಸಿ, ಅದನ್ನು ಸಾಕ್ಷ್ಯವಾಗಿ ಹೇಗೆ ಹಾಜರುಪಡಿಸಬೇಕು ಎಂದು ಹೇಳುತ್ತೇನೆ.

ಭೀಮಾ ದಂಡೆ
ಮೂವರಿಗೂ ಕೈ ಮುಗಿಯುತ್ತೇನೆ. ಹೆಸರನ್ನು ಹಲವು ರೀತಿ ಬರೆದುಕೊಂಡು ಇಂದು ರಾತ್ರಿಯೇ ಕೂರುತ್ತೇನೆ. ಊರಿನ ಹೆಸರು ಆಗ ಹೇಗೆ ಬರೆಯುತ್ತಿದ್ದರೋ, ಹಿರಿಯರನ್ನು ಕೇಳಬೇಕು.

ಸೇಡಂ ರಸ್ತೆ
ಲೆವಿ, ಕೋರ್ಟಿನ ಕಡತ, ದಾಸ್ತಾನಿನ ಮಿತಿ, ಇವು ಲೆಕ್ಕಕ್ಕೆ ಬರುತ್ತವೆ. ಯೂರಿಯಾ ಅರ್ಧ. ಜೀಪು ಮಾತ್ರ ಖಂಡಿತ ಇಲ್ಲ, ಅದು ಮುಂಬೈಯವರ ವ್ಯಾಪಾರ.

ಯಾದಗಿರಿ ಗುಡ್ಡ
ಹಾಗಾದರೆ ಶಹಾಪುರದಿಂದ ನಡೆದುಕೊಂಡು ಬನ್ನಿ, ದಾರಿಯಲ್ಲಿ ಮಾತಾಡೋಣ.